ಅವನೋ, ಅವಳೋ, ಅವರೋ?

“ನೀವು ಇಲ್ಲದಾಗ ಯಾರೋ ಬಂದಿದ್ದರು. ನಾಳೆ ಬೆಳಿಗ್ಗೆ ಮತ್ತೆ ಬರುತ್ತೇನೆ ಅಂದರು.”

ಶಿವಮೊಗ್ಗದ ರವೀಂದ್ರನಗರದಲ್ಲಿ ಪಕ್ಕದ ಮನೆಯವರು ಕಾಂಪೌಂಡಿನ ಆಚೆಯಿಂದ ಹೀಗೆ ಹೇಳಿದರೆ ಅದರಲ್ಲಿ ಯಾರಿಗೂ ವಿಶೇಷವೇನೂ ಕಾಣುವುದಿಲ್ಲ. ಆದರೆ ಓದುಗರು ಆ ಎರಡು ವಾಕ್ಯಗಳನ್ನು ಇನ್ನೊಮ್ಮೆ ಗಮನಿಸಬೇಕು. ಬಂದದ್ದು ಗಂಡಸೋ ಹೆಂಗಸೋ ಎಂಬುದು ಅವುಗಳಲ್ಲಿ ಎಲ್ಲಿಯೂ ಇಲ್ಲ. ಹೇಳಿದವರು ಮುಚ್ಚಿಟ್ಟದ್ದಲ್ಲ, ಮರೆತದ್ದೂ ಅಲ್ಲ. ಗುರುತಿಲ್ಲದವರಿಗೆ ಮರ್ಯಾದೆ ಕೊಟ್ಟು ಬಹುವಚನದಲ್ಲಿ ಮಾತಾಡಿದರು, ಅಷ್ಟೆ. ಮರ್ಯಾದೆಯ ಜೊತೆಗೆ ಲಿಂಗವೂ ಮರೆಯಾಯಿತು. ಬೇಕಾದರೆ ನಾವೇ “ಗಂಡಸರೋ ಹೆಂಗಸರೋ?” ಎಂದು ಕೇಳಿ ತಿಳಿಯಬೇಕು.

ಇದೇ ಮಾತನ್ನು ಇಂಗ್ಲಿಷಿಗೆ ತಿರುಗಿಸಲು ಹೊರಟರೆ ಎರಡನೆಯ ವಾಕ್ಯದಲ್ಲೇ ತಡೆಯುತ್ತದೆ. ‘ಹೀ’ ಅಂದನೋ, ‘ಷೀ’ ಅಂದಳೋ? ಹಿಂದಿಯಲ್ಲಿ ಮೊದಲ ವಾಕ್ಯಕ್ಕೇ ತೊಡಕು. ಅಲ್ಲಿ ಗೌರವದ ಬಹುವಚನದಲ್ಲೂ ಗಂಡಸಾದರೆ ‘ಆಯೇ ಥೇ’, ಹೆಂಗಸಾದರೆ ‘ಆಯೀ ಥೀಂ’.

ಗಂಡೆಂದೂ ಹೆಣ್ಣೆಂದೂ ಗುರುತು ಹಚ್ಚದ ಪಾತ್ರವನ್ನಿಟ್ಟು ಕಥೆ ಬರೆಯುವುದು ಈಚಿನ ಹುಚ್ಚು, ಪಶ್ಚಿಮದಿಂದ ಬಂದ ಫ್ಯಾಷನ್ನು ಎಂದು ಭಾವಿಸುವವರುಂಟು. ಅದನ್ನು ಪರಭಾಷೆಯಲ್ಲಿ ಬರೆಯುವುದಂತೂ ಇನ್ನೂ ದೂರದ ಮಾತು ಎನ್ನಿಸಬಹುದು. ಆದರೆ ಈ ಪ್ರಶ್ನೆಗೆ ನಮ್ಮ ನಾಡಿನಲ್ಲೇ ಎಂಟು ಒಂಬತ್ತು ನೂರು ವರ್ಷಗಳ ಇತಿಹಾಸವಿದೆ. ಭಾಷೆ ಬದಲಾದರೆ ಲಿಂಗ ಎಲ್ಲಿ ಬಯಲಾಗುತ್ತದೆ, ಎಲ್ಲಿ ಮರೆಯಾಗುತ್ತದೆ ಎಂಬ ಲೆಕ್ಕವೂ ಬದಲಾಗುತ್ತದೆ. ಈ ಲೆಕ್ಕ ಗೊತ್ತಿಲ್ಲದ ಲೇಖಕ ಒಂದು ಭಾಷೆಯಲ್ಲಿ ಕಾಪಾಡಿದ್ದನ್ನು ಇನ್ನೊಂದರಲ್ಲಿ ತನಗೇ ತಿಳಿಯದಂತೆ ಬಿಟ್ಟುಕೊಡುತ್ತಾನೆ.

ಕ್ರಿಯಾಪದದ ತುದಿಯ ಗುಟ್ಟು

ಮೊದಲು ನಮ್ಮ ವ್ಯಾಕರಣ. ಸಂಸ್ಕೃತದಲ್ಲಿ ಲಿಂಗ ಶಬ್ದಕ್ಕೆ ಅಂಟಿದ್ದು, ವ್ಯಕ್ತಿಗಲ್ಲ. ಹೆಂಡತಿ ಎಂಬ ಒಂದೇ ಅರ್ಥಕ್ಕೆ ಅಲ್ಲಿ ‘ದಾರಾ’ ಪುಲ್ಲಿಂಗ, ‘ಭಾರ್ಯಾ’ ಸ್ತ್ರೀಲಿಂಗ, ‘ಕಳತ್ರ’ ನಪುಂಸಕಲಿಂಗ. ಕನ್ನಡದ ದಾರಿ ಬೇರೆ. 13ನೆಯ ಶತಮಾನದಲ್ಲಿ ‘ಶಬ್ದಮಣಿದರ್ಪಣ’ ಬರೆದ ಕೇಶಿರಾಜ ಕನ್ನಡದಲ್ಲಿ ಲಿಂಗ ಅರ್ಥವನ್ನು ಅನುಸರಿಸುತ್ತದೆ ಎಂಬುದನ್ನು ಗುರುತಿಸಿದ್ದ. ಗಂಡಸರೆಲ್ಲ ಪುಲ್ಲಿಂಗ, ಹೆಂಗಸರೆಲ್ಲ ಸ್ತ್ರೀಲಿಂಗ, ಉಳಿದದ್ದೆಲ್ಲ ನಪುಂಸಕ. ಕಲ್ಲು, ಮರ, ಹಸು, ನದಿ ಎಲ್ಲವೂ ಆ ಮೂರನೆಯ ಮನೆಗೆ.

ಇಷ್ಟು ಸರಳವಾಗಿದ್ದರೆ ಮಾತು ಮುಗಿಯುತ್ತಿತ್ತು. ಶಾಲೆಯ ವ್ಯಾಕರಣ ಪುಸ್ತಕ ನೆನಪಿರುವವರಿಗೆ ಇನ್ನೂ ಕೆಲವು ಹೆಸರುಗಳು ನೆನಪಾಗಬಹುದು. ಮಗು, ಕೂಸು, ಶಿಶು ಇವು ‘ನಿತ್ಯ ನಪುಂಸಕ’. ಮಗು ಅತ್ತಿತು, ಕೂಸು ಮಲಗಿತು. ಮನುಷ್ಯಜೀವಿಯೇ ಆದರೂ ಗಂಡು ಹೆಣ್ಣು ಎಂಬ ವಿಂಗಡಣೆಗೆ ಇನ್ನೂ ಬಿದ್ದಿಲ್ಲ. ನಾನು, ನೀನು, ತಾನು ಎಂಬ ಸರ್ವನಾಮಗಳು ಮತ್ತೊಂದು ಗುಂಪು. ಇವುಗಳಿಗೆ ತಮ್ಮದೇ ಲಿಂಗವಿಲ್ಲ. ಯಾರನ್ನು ಕುರಿತು ಬಳಸಿದೆವೋ ಅವರ ಲಿಂಗವೇ ಇವುಗಳ ಲಿಂಗ.

ಕನ್ನಡದ ಕಥೆಗಾರನಿಗೆ ಕಷ್ಟ ಬರುವುದು ಮುಖ್ಯವಾಗಿ ಪ್ರಥಮ ಪುರುಷ ಏಕವಚನದಲ್ಲಿ. ‘ಬಂದನು, ಬಂದಳು, ಬಂದಿತು’ ಎಂದು ಕ್ರಿಯಾಪದದ ತುದಿಯೇ ಗುಟ್ಟು ರಟ್ಟು ಮಾಡುತ್ತದೆ. ಸರ್ವನಾಮ ಬಿಟ್ಟು ಬರೆದರೂ ಪ್ರಯೋಜನವಿಲ್ಲ.

ಆದರೆ ತಪ್ಪಿಸಿಕೊಳ್ಳುವ ದಾರಿಗಳೂ ಕನ್ನಡದಲ್ಲಿ ಹೇರಳವಾಗಿವೆ. ‘ಬಂದೆ’ ಎಂದು ನಾನು ಹೇಳಿದರೆ ನಾನು ಯಾರೆಂದು ತಿಳಿಯದು. ‘ಬಂದರು’ ಎಂದರೂ ತಿಳಿಯದು. ‘ಬರಲಿಲ್ಲ’ ಎಂಬ ನಿಷೇಧ ರೂಪ ಅವನಿಗೂ ಸಲ್ಲುತ್ತದೆ, ಅವಳಿಗೂ ಸಲ್ಲುತ್ತದೆ, ಬಸ್ಸಿಗೂ ಸಲ್ಲುತ್ತದೆ. ‘ಬೇಕು, ಸಾಕು, ಗೊತ್ತು’ ಇವು ಯಾರ ಲಿಂಗವನ್ನೂ ಕೇಳುವುದಿಲ್ಲ. ‘ಎದ್ದು, ತೊಳೆದು, ನೋಡುತ್ತ, ಹೋದಾಗ’ ಇವೂ ಹಾಗೆಯೇ. ಎಲ್ಲಕ್ಕಿಂತ ಉಪಕಾರಿ ‘ತನ್ನ’ ಎಂಬ ಶಬ್ದ. ಇಂಗ್ಲಿಷಿನವರು ‘ಹಿಸ್’, ‘ಹರ್’ ಎಂದು ಪ್ರತಿ ಸಲವೂ ಆಯ್ದುಕೊಳ್ಳಬೇಕಾದ ಕಡೆ ನಾವು ‘ತನ್ನ ಮನೆ, ತನ್ನ ಚಪ್ಪಲಿ’ ಎಂದು ನಿಶ್ಚಿಂತೆಯಿಂದ ಹೇಳಬಹುದು.

ಒಂದು ಸಣ್ಣ ಉದಾಹರಣೆ ಕೊಡಬಹುದು. “ಕಿರಣ್‌ಗೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಕು ಹರಿಯುತ್ತಲೇ ಎದ್ದು, ಮುಖ ತೊಳೆದು, ತನ್ನ ಹಳೆಯ ಚೀಲವನ್ನು ಹೆಗಲಿಗೇರಿಸಿ ಹೊರಟಾಗ ಮನೆಯಲ್ಲಿ ಯಾರೂ ಎದ್ದಿರಲಿಲ್ಲ. ಬಸ್ ನಿಲ್ದಾಣದಲ್ಲಿ ಕಾಫಿ ಕುಡಿಯಬೇಕು ಅನ್ನಿಸಿತು. ಚಿಲ್ಲರೆ ಇರಲಿಲ್ಲ.” ಇದರಲ್ಲಿ ಎಲ್ಲಿಯೂ ಎಳೆದಾಟವಿಲ್ಲ. ಓದುವವರು ಕಿರಣ್ ಹುಡುಗನೆಂದೋ ಹುಡುಗಿಯೆಂದೋ ತಮಗೆ ತೋಚಿದಂತೆ ಭಾವಿಸಿಕೊಂಡು ಮುಂದೆ ಹೋಗುತ್ತಾರೆ. ಇದನ್ನೇ ಇಂಗ್ಲಿಷಿನಲ್ಲಿ ಬರೆಯಹೊರಟರೆ ಎದ್ದದ್ದು ಯಾರು, ಮುಖ ಯಾರದು, ಚೀಲ ಯಾರದು ಎಂದು ಹೆಜ್ಜೆಹೆಜ್ಜೆಗೆ ಕೇಳುತ್ತದೆ.

ಹಾಗೆಂದು ಇಂಗ್ಲಿಷು ಎಲ್ಲ ಕಡೆಯೂ ಬಿಗಿಯೆಂದಲ್ಲ. ‘ಫ್ರೆಂಡ್’ ಎಂದರೆ ಗೆಳೆಯನೂ ಆಗಬಹುದು, ಗೆಳತಿಯೂ ಆಗಬಹುದು. ‘ಕಸಿನ್’ ಎಂಬ ಒಂದೇ ಮಾತಿಗೆ ನಮ್ಮಲ್ಲಿ ಅಣ್ಣ, ತಮ್ಮ, ಅಕ್ಕ, ತಂಗಿ, ಭಾವ, ಮೈದುನ, ಅತ್ತಿಗೆ, ನಾದಿನಿ ಎಂದು ಬಿಡಿಸಿ ಹೇಳಬೇಕು. ಸಂಭಾಷಣೆಯಲ್ಲಂತೂ ಕನ್ನಡ ಇನ್ನೂ ಕಟ್ಟುನಿಟ್ಟು. ಸಲುಗೆಯವರನ್ನು ಕರೆಯುವಾಗ ‘ಬಾರೋ’ ಎಂದರೆ ಹುಡುಗ, ‘ಬಾರೇ’ ಎಂದರೆ ಹುಡುಗಿ. ‘ಏನಪ್ಪ’ ಬೇರೆ, ‘ಏನಮ್ಮ’ ಬೇರೆ. ‘ಬನ್ನಿ’, ‘ಹೌದು ಕಣ್ರೀ’ ಎಂದು ಮರ್ಯಾದೆಗೆ ಬಂದರೆ ಮಾತ್ರ ಆ ಗುರುತು ಅಳಿಯುತ್ತದೆ. ಹೀಗಾಗಿ ಕನ್ನಡದಲ್ಲಿ ಹತ್ತಿರವಾದಷ್ಟೂ ಲಿಂಗ ಗೋಚರ, ದೂರ ನಿಂತಷ್ಟೂ ಅಗೋಚರ.

ಅಕ್ಕಪಕ್ಕದ ನುಡಿಗಳು

ನಮ್ಮದೇ ಜಿಲ್ಲೆಯ ಸಾಗರದ ಕಡೆ ಹೋದರೆ ಕನ್ನಡವೇ ಬೇರೆ ಬಣ್ಣ ತಳೆಯುತ್ತದೆ. ಹವ್ಯಕರ ಮನೆಮಾತಿನಲ್ಲಿ ಹೆಂಗಸರ ವಿಷಯ ಹೇಳುವಾಗ ಏಕವಚನದಲ್ಲಿ ನಪುಂಸಕವನ್ನೇ ಬಳಸುವ ರೂಢಿಯಿದೆ. ‘ಅವಳು ಬಂದಳು’ ಎನ್ನುವ ಕಡೆ ‘ಅದು ಬಂತು’. ಹೊರಗಿನವರಿಗೆ ಇದು ಒರಟಾಗಿ ಕೇಳಿಸಬಹುದು. ಆಡುವವರಿಗೆ ಅದರಲ್ಲಿ ತಾತ್ಸಾರವಿಲ್ಲ. ಮನೆಯ ಮಗಳ ಬಗ್ಗೆ ಅಕ್ಕರೆಯಿಂದ ಆಡುವ ಮಾತೂ ಅದೇ. ತೆಲುಗಿನಲ್ಲೂ ಏಕವಚನದಲ್ಲಿ ಹೆಂಗಸಿಗೂ ವಸ್ತುವಿಗೂ ಕ್ರಿಯಾಪದ ಒಂದೇ. ರಾಯಚೂರು, ಬಳ್ಳಾರಿ, ಕೋಲಾರದ ಗಡಿಯಲ್ಲಿ ಎರಡೂ ನುಡಿ ಬಲ್ಲವರಿಗೆ ಇದು ಗೊತ್ತಿರುವ ಸಂಗತಿ.

1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರದು ಇನ್ನೊಂದು ಅನುಭವ. ಮನೆಯ ಕನ್ನಡದಲ್ಲಿ ‘ಬಂದ, ಬಂದಳು, ಬಂತು’ ಎನ್ನುವವರು ಪೇಟೆಯ ಮಲಯಾಳದಲ್ಲಿ ಮೂವರಿಗೂ ‘ವನ್ನು’ ಎಂಬ ಒಂದೇ ಮಾತು ಬಳಸುತ್ತಾರೆ. ಮಲಯಾಳ ಕ್ರಿಯಾಪದದ ಲಿಂಗವನ್ನು ಎಂದೋ ಕಳಚಿಟ್ಟಿದೆ. ‘ಅವನ್’, ‘ಅವಳ್’ ಎಂಬ ಸರ್ವನಾಮಗಳು ಮಾತ್ರ ಉಳಿದಿವೆ. ಅದೇ ದ್ರಾವಿಡ ಬೇರು, ಆದರೆ ಬಿಟ್ಟುಕೊಟ್ಟದ್ದು ಬೇರೆ.

ಬಂಗಾಳಿ ಇನ್ನೂ ಒಂದು ಹೆಜ್ಜೆ ಮುಂದೆ. ಅಲ್ಲಿ ಕ್ರಿಯಾಪದಕ್ಕೂ ಲಿಂಗವಿಲ್ಲ, ಸರ್ವನಾಮಕ್ಕೂ ಇಲ್ಲ. ರವೀಂದ್ರ ಎಂಬ ಹೆಸರು ಕೇಳಿದೊಡನೆ ನೆನಪಾಗುವ ಕವಿ ಟ್ಯಾಗೋರರು ಬರೆದದ್ದು ಆ ಭಾಷೆಯಲ್ಲಿ. ಅವರು ತಮ್ಮ ಗೀತೆಗಳನ್ನು ತಾವೇ ಇಂಗ್ಲಿಷ್ ಗದ್ಯಕ್ಕೆ ತಂದರು. 103 ರಚನೆಗಳ ಇಂಗ್ಲಿಷ್ ‘ಗೀತಾಂಜಲಿ’ 1912ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಮರುವರ್ಷ ನೊಬೆಲ್ ಬಂತು. ಬಂಗಾಳಿಯಲ್ಲಿ ಬಾಗಿಲಿಗೆ ಬಂದು ಹೋದ ಅತಿಥಿ ಗಂಡೋ ಹೆಣ್ಣೋ ಎಂದು ಹೇಳುವ ಅಗತ್ಯವೇ ಇರಲಿಲ್ಲ. ಇಂಗ್ಲಿಷಿನಲ್ಲಿ ಹಲವು ಕಡೆ ಅದು ‘ಹೀ’ ಆಯಿತು. ಹೊರದೇಶದ ಓದುಗರ ಕೈಸೇರಿದ್ದು ಈ ಗಂಡು ದೇವರು, ಗಂಡು ಅತಿಥಿ. ಇದು ಕವಿಯ ಅರಿವಿನ ಕೊರತೆಯಲ್ಲ. ಆ ಭಾಷೆಯೊಳಗೆ ಕಾಲಿಡಲು ತೆರಬೇಕಾದ ಸುಂಕ.

ಮಲೆನಾಡಿನಿಂದ ಇಂಗ್ಲಿಷಿಗೆ

ನಮ್ಮ ಮಲೆನಾಡಿನ ಲೇಖಕರಿಗೂ ಇಂಗ್ಲಿಷಿಗೂ ಇರುವ ನಂಟು ಹಳೆಯದು. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯ ಕುವೆಂಪು ಮೊದಲು ಪ್ರಕಟಿಸಿದ್ದು ಇಂಗ್ಲಿಷ್ ಕವಿತೆಗಳನ್ನು. ‘ಬಿಗಿನರ್ಸ್ ಮ್ಯೂಸ್’ ಎಂಬ ಆ ಪುಸ್ತಿಕೆ ಬಂದದ್ದು 1922ರಲ್ಲಿ. 1924ರಲ್ಲಿ ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವನ್ನು ನೋಡಿ, ನಿಮ್ಮ ನುಡಿಯಲ್ಲೇ ಬರೆಯಿರಿ ಎಂದು ಸಲಹೆ ಕೊಟ್ಟದ್ದು, ಕನ್ನಡಕ್ಕೆ ಅದರಿಂದ ಆದ ಲಾಭ ಎಲ್ಲರಿಗೂ ತಿಳಿದದ್ದೇ.

ಹಾಸನದಲ್ಲಿ ಹುಟ್ಟಿದ ರಾಜಾರಾವ್ ಇನ್ನೊಂದು ದಾರಿ ಹಿಡಿದರು. 1938ರಲ್ಲಿ ಪ್ರಕಟವಾದ ‘ಕಾಂತಾಪುರ’ದ ಮುನ್ನುಡಿಯಲ್ಲಿ ಅವರು, ತನ್ನದಲ್ಲದ ಭಾಷೆಯಲ್ಲಿ ತನ್ನದೇ ಆದ ಚೈತನ್ಯವನ್ನು ಹೇಳಬೇಕಾದ ಕಷ್ಟವನ್ನು ವಿವರಿಸಿದರು. ಕಥೆ ಹೇಳುವವಳು ಊರಿನ ಅಜ್ಜಿ. ಇಂಗ್ಲಿಷಿನಲ್ಲಿ ಬರೆದರೂ ಓಟ ಮಾತ್ರ ನಮ್ಮ ಅಜ್ಜಿಯರದು. ಧಾಟಿಯನ್ನು ಹಾಗೆ ದಾಟಿಸಬಹುದೆಂದು ಅವರು ತೋರಿಸಿಕೊಟ್ಟರು. ಆದರೆ ವ್ಯಾಕರಣದ ತುದಿಗಳು ಅಷ್ಟು ಸುಲಭವಾಗಿ ದಾಟುವುದಿಲ್ಲ.

ಅದಕ್ಕೆ ಸಾಕ್ಷಿ ‘ಸಂಸ್ಕಾರ’. ತೀರ್ಥಹಳ್ಳಿ ಕಡೆಯವರೇ ಆದ ಯು.ಆರ್. ಅನಂತಮೂರ್ತಿ ಈ ಕಾದಂಬರಿಯನ್ನು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಕನ್ನಡದಲ್ಲಿ ಬರೆದರು. ಅದು ಪ್ರಕಟವಾದದ್ದು 1965ರಲ್ಲಿ. ಎ.ಕೆ. ರಾಮಾನುಜನ್ ಮಾಡಿದ ಇಂಗ್ಲಿಷ್ ಅನುವಾದ 1976ರಲ್ಲಿ ಬಂತು. ಕನ್ನಡದಲ್ಲಿ ಪ್ರಾಣೇಶಾಚಾರ್ಯರು ‘ಆಚಾರ್ಯರು’, ಕ್ರಿಯಾಪದವೂ ಬಹುವಚನದ್ದು. ಚಂದ್ರಿಗೆ ಏಕವಚನ, ಸ್ತ್ರೀಲಿಂಗ. ಒಬ್ಬರ ವ್ಯಾಕರಣದಲ್ಲಿ ಲಿಂಗಕ್ಕಿಂತ ಸ್ಥಾನ ಮುಂದೆ. ಇನ್ನೊಬ್ಬಳ ವ್ಯಾಕರಣದಲ್ಲಿ ಹೆಣ್ಣು ಎಂಬುದೇ ಮುಂದೆ. ಇಂಗ್ಲಿಷಿಗೆ ಹೋದಾಗ ಒಬ್ಬರು ‘ಹೀ’, ಇನ್ನೊಬ್ಬರು ‘ಷೀ’ ಆಗಿ ಸಮ ನೆಲದಲ್ಲಿ ನಿಲ್ಲುತ್ತಾರೆ. ಅನುವಾದಕರು ಎಷ್ಟೇ ದೊಡ್ಡವರಾದರೂ ಈ ಒಂದು ಅಂತರ ಇಂಗ್ಲಿಷಿನ ಸರ್ವನಾಮದಲ್ಲಿ ಹಿಡಿಯುವಂಥದ್ದಲ್ಲ.

ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ಯಲ್ಲೂ (1936) ಇದನ್ನು ಕಾಣಬಹುದು. ಅಲ್ಲಿ ಯಜಮಾನರು ‘ಚಂದ್ರಯ್ಯಗೌಡರು’, ಕೂಲಿಯಾಳು ‘ಬೈರ’. ನಮ್ಮ ಭಾಷೆಯಲ್ಲಿ ಗೌರವ ಸಿಕ್ಕವರಿಗೆ ಮಾತ್ರ ಲಿಂಗದ ಗುರುತು ಅಳಿಯುವ ‘ಅವರು’ ದೊರೆಯುತ್ತಿತ್ತು. ಬಡವರು, ಆಳುಕಾಳುಗಳು ಎಂದೂ ‘ಅವನು’ ಅಥವಾ ‘ಅವಳು’. ಹೀಗಾಗಿ ಕನ್ನಡದ ಬಹುವಚನವನ್ನು ಲಿಂಗಸಮಾನತೆಯ ಪುರಾತನ ಸಾಧನ ಎಂದು ಕೊಂಡಾಡುವ ಮೊದಲು, ಅದು ಯಾರಿಗೆ ಸಲ್ಲುತ್ತಿತ್ತು ಎಂಬುದನ್ನೂ ನೋಡಬೇಕಾಗುತ್ತದೆ.

ವಚನಕಾರರ ಪ್ರಶ್ನೆ

ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂಬ ಮಾತನ್ನು ಕನ್ನಡದಲ್ಲಿ ಅತ್ಯಂತ ನೇರವಾಗಿ ಆಡಿದವರು ಶರಣರು. ಮೊಲೆ ಮುಡಿ ಬಂದರೆ ಹೆಣ್ಣೆನ್ನುತ್ತಾರೆ, ಗಡ್ಡ ಮೀಸೆ ಬಂದರೆ ಗಂಡೆನ್ನುತ್ತಾರೆ, ಆದರೆ ಒಳಗಿನ ಆತ್ಮಕ್ಕೆ ಎರಡೂ ಇಲ್ಲ ಎಂಬ ಭಾವದ ಜೇಡರ ದಾಸಿಮಯ್ಯನ ವಚನ ಹೆಸರಾದದ್ದು. ಇದಕ್ಕೆ ಹತ್ತಿರದ ವಚನ ಗೊಗ್ಗವ್ವೆಯ ಹೆಸರಿನಲ್ಲೂ ಇದೆ. ಭಕ್ತನೊಬ್ಬ ಒಮ್ಮೆ ಗಂಡಾಗಿ ಒಮ್ಮೆ ಹೆಣ್ಣಾಗಿ ನಿಲ್ಲುವ ಮಾತು ಬಸವಣ್ಣನವರಲ್ಲಿದೆ. ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ, ಅದೇ ತಾಲ್ಲೂಕಿನ ಬಳ್ಳಿಗಾವಿಯ ಅಲ್ಲಮಪ್ರಭು ಕಲ್ಯಾಣದ ಅನುಭವ ಮಂಟಪದಲ್ಲಿ ಮುಖಾಮುಖಿಯಾದ ಪ್ರಸಂಗವನ್ನು ‘ಶೂನ್ಯಸಂಪಾದನೆ’ ಚಿತ್ರಿಸುತ್ತದೆ. ಹೆಣ್ಣಿನ ಮೈಯಲ್ಲಿ ಬಂದವಳನ್ನು ಶರಣರ ಸಭೆ ಹೇಗೆ ಸ್ವೀಕರಿಸಬೇಕು ಎಂಬುದೇ ಆ ಪರೀಕ್ಷೆಯ ಹಿಂದಿನ ಪ್ರಶ್ನೆ.

ಇಲ್ಲೊಂದು ಸ್ವಾರಸ್ಯವಿದೆ. ದಾಸಿಮಯ್ಯನ ವಚನದಲ್ಲಿ ಬರುವ ಶಬ್ದ ‘ಆತ್ಮನು’. ಅರ್ಥ ಗಂಡಲ್ಲ ಎನ್ನುತ್ತದೆ, ಪ್ರತ್ಯಯ ಪುಲ್ಲಿಂಗದ್ದು. ಲಿಂಗವಿಲ್ಲ ಎಂದು ಸಾರುವ ವಾಕ್ಯದಲ್ಲೇ ವ್ಯಾಕರಣ ತನ್ನ ಪಾಲು ವಸೂಲಿ ಮಾಡಿಕೊಂಡಿದೆ. ರಾಮಾನುಜನ್ 1973ರಲ್ಲಿ ಪ್ರಕಟಿಸಿದ ‘ಸ್ಪೀಕಿಂಗ್ ಆಫ್ ಶಿವ’ದಲ್ಲಿ ಈ ವಚನವೂ ಇದೆ. ಅಲ್ಲಿ ಅವರು ‘ಸೆಲ್ಫ್’ ಎಂಬ ಪದ ಬಳಸಿದರು. ಆ ಪದಕ್ಕೆ ಪ್ರತ್ಯಯವಿಲ್ಲ, ಲಿಂಗವೂ ಇಲ್ಲ. ದಾಸಿಮಯ್ಯ ಹೇಳಬಯಸಿದ್ದು ಈ ಒಂದು ಶಬ್ದದಲ್ಲಿ ಪರಭಾಷೆಯಲ್ಲೇ ಹೆಚ್ಚು ಹಗುರಾಗಿ ಕೂತಿದೆ. ‘ಸಂಸ್ಕಾರ’ದಲ್ಲಿ ಕಳೆದುಕೊಂಡ ಇಂಗ್ಲಿಷು ಇಲ್ಲಿ ಗಳಿಸಿತು. ಪರಭಾಷೆ ಯಾವಾಗಲೂ ಕಸಿದುಕೊಳ್ಳುತ್ತದೆ ಎಂಬ ದೂರು ಅರ್ಧ ಸತ್ಯ ಮಾತ್ರ.

ಪಶ್ಚಿಮದ ಪ್ರಯೋಗಗಳು

ಈ ಹಿನ್ನೆಲೆಯಲ್ಲಿ ಹೊರದೇಶದ ಕೆಲವು ಪ್ರಯೋಗಗಳನ್ನು ನೋಡಿದರೆ ಅವು ಅಷ್ಟು ಪರಕೀಯ ಎನ್ನಿಸುವುದಿಲ್ಲ. ಅಮೆರಿಕದ ಅರ್ಸುಲಾ ಲೆ ಗ್ವಿನ್ 1969ರಲ್ಲಿ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಎಂಬ ಕಾದಂಬರಿ ಬರೆದರು. ಅದರಲ್ಲಿ ಹಿಮದಿಂದ ಮುಚ್ಚಿದ ಒಂದು ಗ್ರಹ. ಅಲ್ಲಿನ ಜನ ತಿಂಗಳ ಬಹುಪಾಲು ದಿನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವು ದಿನ ಮಾತ್ರ ಎರಡರಲ್ಲೊಂದಾಗುತ್ತಾರೆ. ಇಷ್ಟು ಧೈರ್ಯದ ಕಲ್ಪನೆ ಮಾಡಿದವರು ಆ ಜನರನ್ನೆಲ್ಲ ‘ಹೀ’ ಎಂದೇ ಕರೆದರು. ಓದಿದವರ ಕಣ್ಣಿಗೆ ಅದು ಗಂಡಸರ ಲೋಕವಾಗಿ ಕಂಡಿತು. 1976ರ ಪ್ರಬಂಧವೊಂದರಲ್ಲಿ ಅವರು ಆ ಆಯ್ಕೆಯನ್ನು ಸಮರ್ಥಿಸಿಕೊಂಡರು. ಹನ್ನೊಂದು ವರ್ಷ ಕಳೆದ ಮೇಲೆ ಅದೇ ಪ್ರಬಂಧಕ್ಕೆ ಟಿಪ್ಪಣಿ ಬರೆದು ನಿಲುವು ಬದಲಿಸಿದರು. ಅದೇ ಗ್ರಹದ ಕುರಿತ ಒಂದು ಸಣ್ಣಕಥೆಯನ್ನು 1975ರಲ್ಲಿ ಸಂಕಲನಕ್ಕೆ ಸೇರಿಸುವಾಗ ಎಲ್ಲರನ್ನೂ ‘ಷೀ’ ಮಾಡಿದರು. ಆದರೆ ಶೀರ್ಷಿಕೆಯಲ್ಲಿದ್ದ ‘ಕಿಂಗ್’ ಎಂಬ ಪದವನ್ನು ಹಾಗೆಯೇ ಉಳಿಸಿದರು. ರಾಜ ‘ಅವಳು’ ಆದಾಗ ಓದುಗ ಎಡವಲೇಬೇಕು.

ಫ್ರೆಂಚ್ ಲೇಖಕಿ ಆನ್ ಗರೆಟಾ 1986ರಲ್ಲಿ ಬರೆದ ‘ಸ್ಫಿಂಕ್ಸ್’ ಕಾದಂಬರಿಯ ಸಾಹಸ ಬೇರೆ ಬಗೆಯದು. ಅದೊಂದು ಪ್ರೇಮಕಥೆ. ಪ್ರೇಮಿಸಿದ ಇಬ್ಬರಲ್ಲಿ ಯಾರು ಗಂಡು, ಯಾರು ಹೆಣ್ಣು, ಅಥವಾ ಇಬ್ಬರೂ ಒಂದೆಯೇ ಎಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಫ್ರೆಂಚಿನಲ್ಲಿ ‘ನಾನು ಹೋದೆ’ ಎಂಬುದನ್ನು ಸಾಮಾನ್ಯ ರೂಪದಲ್ಲಿ ಬರೆದರೆ ಹೋದವರ ಲಿಂಗ ಅಕ್ಷರದಲ್ಲೇ ಕಾಣುತ್ತದೆ. ಗರೆಟಾ ಅಂಥ ರೂಪಗಳನ್ನು ಬಿಟ್ಟು, ಲಿಂಗ ತೋರದ ಭೂತಕಾಲ ರೂಪಗಳನ್ನು ಆರಿಸಿಕೊಂಡರು. ಆದರೆ ಫ್ರೆಂಚಿನಲ್ಲಿ ‘ಅವನ ಕೈ’, ‘ಅವಳ ಕೈ’ ಎಂಬ ಭೇದವಿಲ್ಲ; ಷಷ್ಠಿ ರೂಪ ಅನುಸರಿಸುವುದು ಕೈಯನ್ನು, ಕೈಯುಳ್ಳವರನ್ನಲ್ಲ. ಅದು ಅವರಿಗೆ ಅನುಕೂಲವಾಯಿತು. 2015ರಲ್ಲಿ ಎಮ್ಮಾ ರಮದಾನ್ ಇದನ್ನು ಇಂಗ್ಲಿಷಿಗೆ ತಂದಾಗ ಲೆಕ್ಕ ತಲೆಕೆಳಗಾಯಿತು. ‘ಹೋದೆ’ ಎಂಬಲ್ಲಿ ಕಷ್ಟವಿಲ್ಲ. ಪ್ರತಿಯೊಂದು ಕೈ, ಕಾಲು, ಭುಜದ ಮುಂದೆ ‘ಹಿಸ್’, ‘ಹರ್’ ತಪ್ಪಿಸುವುದೇ ಕಷ್ಟ. ಒಂದೇ ಗುಟ್ಟನ್ನು ಕಾಯಲು ಎರಡು ಭಾಷೆಗಳಲ್ಲಿ ಎರಡು ಬೇರೆ ಬಾಗಿಲುಗಳಿಗೆ ಬೀಗ ಹಾಕಬೇಕಾಯಿತು.

ಇಂಗ್ಲೆಂಡಿನ ಜೀನೆಟ್ ವಿಂಟರ್‌ಸನ್ 1992ರಲ್ಲಿ ಪ್ರಕಟಿಸಿದ ‘ರಿಟನ್ ಆನ್ ದಿ ಬಾಡಿ’ಯಲ್ಲಿ ಕಥೆ ಹೇಳುವವರಿಗೆ ಹೆಸರಿಲ್ಲ, ಲಿಂಗದ ಸುಳಿವೂ ಇಲ್ಲ. ‘ನಾನು’ ಎಂದು ಬರೆದದ್ದರಿಂದ ಇಂಗ್ಲಿಷ್ ಅಡ್ಡ ಬರಲಿಲ್ಲ. ಕನ್ನಡದಲ್ಲಾದರೂ ‘ನಾನು’ ಸುರಕ್ಷಿತವೇ. ಆದರೆ ಇದನ್ನು ಹಿಂದಿಗೆ ತಂದರೆ ಮೊದಲ ಪುಟದಲ್ಲೇ ‘ಗಯಾ’ ಎನ್ನಬೇಕೋ ‘ಗಯೀ’ ಎನ್ನಬೇಕೋ ಎಂಬ ಪ್ರಶ್ನೆ ಏಳುತ್ತದೆ.

ಪರಭಾಷೆಯ ವಿಷಯಕ್ಕೆ ತೀರ ಹತ್ತಿರದ್ದು ಆನ್ ಲೆಕಿ ಅವರ ‘ಆನ್ಸಿಲರಿ ಜಸ್ಟಿಸ್’ (2013). ನಿರೂಪಕ ಪಾತ್ರದ ಮಾತೃಭಾಷೆಯಲ್ಲಿ ಲಿಂಗಭೇದವೇ ಇಲ್ಲ. ಆದ್ದರಿಂದ ಇಂಗ್ಲಿಷ್ ಬರಹದಲ್ಲಿ ಎಲ್ಲರೂ ‘ಷೀ’. ಆದರೆ ಬೇರೆ ಗ್ರಹದಲ್ಲಿ ಬೇರೆ ಭಾಷೆ ಆಡಬೇಕಾದಾಗ, ಎದುರಿಗಿರುವವರು ಗಂಡೋ ಹೆಣ್ಣೋ ಎಂದು ಊಹಿಸಿ ಮಾತಾಡಬೇಕು, ತಪ್ಪಿದರೆ ಅಪಾಯ. ಬಂಗಾಳದಿಂದ ಬಂದು ಹಿಂದಿ ಕಲಿಯುವವರು, ಕೇರಳದಿಂದ ಬಂದು ಕನ್ನಡ ಕಲಿಯುವವರು ಈ ಪೇಚನ್ನು ಯಾವ ಗ್ರಹಕ್ಕೂ ಹೋಗದೆ ಅನುಭವಿಸಿದ್ದಾರೆ!

ಇಂಗ್ಲಿಷೂ ಸುಮ್ಮನೆ ಕೂತಿಲ್ಲ. ‘ದೇ’ ಎಂಬ ಬಹುವಚನವನ್ನು ಒಬ್ಬರಿಗೇ ಬಳಸುವುದು ಅಲ್ಲಿ ಶತಮಾನಗಳಿಂದ ಇದ್ದದ್ದೇ. ಗಂಡೂ ಹೆಣ್ಣೂ ಅಲ್ಲವೆಂದು ತಮ್ಮನ್ನು ಗುರುತಿಸಿಕೊಳ್ಳುವವರಿಗೆ ಅದನ್ನೇ ಬಳಸುವ ರೂಢಿ ಬೆಳೆದು, 2019ರಲ್ಲಿ ಮೆರಿಯಂ ವೆಬ್‌ಸ್ಟರ್ ನಿಘಂಟು ಅದನ್ನು ವರ್ಷದ ಪದವೆಂದು ಆರಿಸಿತು. ಸ್ವೀಡನ್ನಿನಲ್ಲಿ ‘ಹೆನ್’ ಎಂಬ ಹೊಸ ಸರ್ವನಾಮ 2015ರಲ್ಲಿ ಅಧಿಕೃತ ಪದಪಟ್ಟಿಗೆ ಸೇರಿತು.

‘ಅದು’ವಿನಿಂದ ‘ಅವರು’ವಿಗೆ

ಇದೆಲ್ಲ ಬರೀ ವ್ಯಾಕರಣದ ಆಟವೇ? ಅಲ್ಲ. ಈ ಶಬ್ದಗಳ ಭಾರ ಹೊರುವ ಜನ ನಮ್ಮ ನಡುವೆಯೇ ಇದ್ದಾರೆ. 2011ರ ಜನಗಣತಿಯಲ್ಲಿ ಮೊದಲ ಬಾರಿಗೆ ಗಂಡು, ಹೆಣ್ಣು ಅಲ್ಲದೆ ‘ಇತರ’ ಎಂಬ ಅವಕಾಶ ಕೊಟ್ಟ ಮೇಲೆ ದೇಶದಲ್ಲಿ ಸುಮಾರು 4.88 ಲಕ್ಷ ಜನರನ್ನು ಆ ಲೆಕ್ಕಕ್ಕೆ ಬರೆದುಕೊಳ್ಳಲಾಯಿತು. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ಅವರ ಗುರುತನ್ನು ಮಾನ್ಯ ಮಾಡಿತು. 2019ರಲ್ಲಿ ಕೇಂದ್ರದ ಕಾಯ್ದೆ ಬಂತು. 2021ರಲ್ಲಿ ಕರ್ನಾಟಕ ಸರ್ಕಾರ ತನ್ನ ನೇಮಕಾತಿಗಳಲ್ಲಿ ಲಿಂಗತ್ವ ಅಲ್ಪಸಂಖ್ಯಾತರಿಗೆ ಶೇ. 1ರಷ್ಟು ಮೀಸಲಾತಿ ಕೊಟ್ಟಿತು. ಆದರೆ ಬೀದಿಯಲ್ಲಿ ಅವರ ಬೆನ್ನಿಗೆ ಬೀಳುವ ಮಾತು ಬಹಳ ಕಾಲದಿಂದ ‘ಅದು’. ಸಾಗರದ ಮನೆಯೊಳಗೆ ಅಕ್ಕರೆಯಾದ ಶಬ್ದ ಬೀದಿಯಲ್ಲಿ ಅವಮಾನವಾಗುತ್ತದೆ. ಮಗುವಿಗೆ ‘ಅದು’ ಎಂದರೆ ಮುದ್ದು. ಬೆಳೆದವರಿಗೆ ಅಂದರೆ ಮನುಷ್ಯರ ಪಟ್ಟಿಯಿಂದಲೇ ಹೊರಗೆ ಹಾಕಿದಂತೆ. ಮೂರು ಮನೆಗಳ ವ್ಯಾಕರಣದಲ್ಲಿ ಮೊದಲೆರಡರಲ್ಲಿ ಜಾಗವಿಲ್ಲದವರನ್ನು ಕಲ್ಲು ಮರಗಳ ಜೊತೆ ಸೇರಿಸಿದ್ದರ ಫಲವಿದು.

ಹಾಗೆಂದು ಇವರೆಲ್ಲರೂ ಲಿಂಗವಿಲ್ಲದ ಶಬ್ದವನ್ನೇ ಬಯಸುತ್ತಾರೆ ಎಂದು ತಿಳಿಯುವುದೂ ಸರಿಯಲ್ಲ. ಲಿವಿಂಗ್ ಸ್ಮೈಲ್ ವಿದ್ಯಾ ಅವರ ತಮಿಳು ಆತ್ಮಕಥೆಯನ್ನು ಆಧರಿಸಿದ ಬಿ.ಎಸ್. ಲಿಂಗದೇವರು ಅವರ ಕನ್ನಡ ಚಿತ್ರದ ಹೆಸರು ‘ನಾನು ಅವನಲ್ಲ ಅವಳು’. ಅಲ್ಲಿ ಬೇಡಿಕೆ ಲಿಂಗ ಅಳಿಸುವುದಲ್ಲ, ಸರಿಯಾದದ್ದನ್ನು ಕೊಡುವುದು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಆತ್ಮಕಥನಕ್ಕೆ ‘ನಡುವೆ ಸುಳಿವ ಹೆಣ್ಣು’ ಎಂದು ಹೆಸರು. ದಾಸಿಮಯ್ಯನ ಮಾತನ್ನು ನೆನಪಿಸುತ್ತಲೇ ಅದು ‘ಹೆಣ್ಣು’ ಎಂಬ ಶಬ್ದವನ್ನು ಬಿಟ್ಟುಕೊಟ್ಟಿಲ್ಲ. ಎ. ರೇವತಿಯವರ ಆತ್ಮಕಥೆ ತಮಿಳಿನಿಂದ ವಿ. ಗೀತಾ ಅವರ ಇಂಗ್ಲಿಷಿನಲ್ಲಿ 2010ರಲ್ಲಿ ಪ್ರಕಟವಾಯಿತು, ಕನ್ನಡಕ್ಕೆ ದು. ಸರಸ್ವತಿಯವರಿಂದ ‘ಬದುಕು ಬಯಲು’ ಎಂಬ ಹೆಸರಲ್ಲಿ ಬಂತು. ಅದನ್ನು ನಾಟಕವಾಗಿ ಆಡಿದ್ದು ನಮ್ಮ ಜಿಲ್ಲೆಯ ಹೆಗ್ಗೋಡಿನ ಜನಮನದಾಟ ತಂಡ.

ಹೀಗೆ ನೋಡಿದರೆ ‘ಲಿಂಗವಿಲ್ಲದ ಪಾತ್ರ’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಸಂಗತಿಗಳಿವೆ. ಪಾತ್ರಕ್ಕೆ ಲಿಂಗವಿದ್ದು ಲೇಖಕ ಅದನ್ನು ಹೇಳದೆ ಇರುವುದು ಒಂದು. ಗರೆಟಾ, ವಿಂಟರ್‌ಸನ್ ಮಾಡಿದ್ದು ಇದನ್ನು. ಲಿಂಗವೇ ಮುಖ್ಯವಲ್ಲದ ಲೋಕವನ್ನು ಕಟ್ಟುವುದು ಎರಡನೆಯದು. ಅದು ಲೆ ಗ್ವಿನ್, ಲೆಕಿ ಅವರ ದಾರಿ. ಎರಡರ ನಡುವೆ ನಿಜವಾಗಿ ಬದುಕುತ್ತಿರುವವರನ್ನು ಬರೆಯುವುದು ಮೂರನೆಯದು. ಮೊದಲನೆಯದಕ್ಕೆ ಕನ್ನಡದ ‘ನಾನು, ತನ್ನ, ಬರಲಿಲ್ಲ’ ಸಾಕಾಗುತ್ತವೆ. ಇಂಗ್ಲಿಷಿನಲ್ಲಿ ಬೆವರು ಹರಿಸಬೇಕು. ಎರಡನೆಯದರಲ್ಲಿ ಕನ್ನಡದ ಕ್ರಿಯಾಪದ ಅಡ್ಡ ಬರುತ್ತದೆ. ಎಲ್ಲರನ್ನೂ ‘ಅವರು’ ಎಂದರೆ ಆ ಲೋಕದಲ್ಲಿ ಸಲುಗೆಗೇ ಜಾಗವಿಲ್ಲದಂತಾಗುತ್ತದೆ. ಇಂಗ್ಲಿಷಿನ ‘ದೇ’ಗೆ ಈ ದೂರವಿಲ್ಲ, ಆದರೆ ಅದಕ್ಕೆ ‘ಅವರು’ ಕೊಡುವ ಮರ್ಯಾದೆಯೂ ಇಲ್ಲ. ಮೂರನೆಯದರಲ್ಲಿ ಯಾವ ಭಾಷೆಯಾದರೂ ಮೊದಲು ಮಾಡಬೇಕಾದ ಕೆಲಸ ಒಂದೇ: ಆ ವ್ಯಕ್ತಿ ತನ್ನನ್ನು ಏನೆಂದು ಕರೆದುಕೊಳ್ಳುತ್ತದೆ ಎಂದು ಕೇಳುವುದು. ಈ ಹಿಂದಿನ ವಾಕ್ಯದಲ್ಲೇ ‘ವ್ಯಕ್ತಿ’ ನಪುಂಸಕವಾಗಿ ಬಂದುಹೋದದ್ದನ್ನು ಓದುಗರು ಗಮನಿಸಿರಬಹುದು. ಅಲ್ಲಿ ‘ಕರೆದುಕೊಳ್ಳುತ್ತಾರೆ’ ಎಂದು ಬರೆಯುವುದೇ ಲೇಸು.

ನಮ್ಮ ಹೊಸ ತಲೆಮಾರಿನ ಹುಡುಗ ಹುಡುಗಿಯರಲ್ಲಿ ಇಂಗ್ಲಿಷಿನಲ್ಲಿ ಕಥೆ ಬರೆಯುವವರು ಹೆಚ್ಚುತ್ತಿದ್ದಾರೆ. ಅವರು ಇಂಥ ಪಾತ್ರವನ್ನು ಬರೆಯುವಾಗ ‘ದೇ’ ಎಂಬುದನ್ನು ಪುಸ್ತಕದಿಂದ ಕಲಿತ ಹೊಸ ನಿಯಮವೆಂದು ಅಂಜಬೇಕಾಗಿಲ್ಲ. ಒಬ್ಬರನ್ನೇ ಬಹುವಚನದಲ್ಲಿ ಕರೆದು, ಅವರು ಗಂಡೋ ಹೆಣ್ಣೋ ಎಂದು ಕೇಳದೆ ಮಾತು ಮುಂದುವರಿಸುವುದು ನಮ್ಮ ಅಜ್ಜಿಯರಿಗೂ ಬರುತ್ತಿತ್ತು. ಆಗ ಅದು ಮೇಷ್ಟ್ರಿಗೆ, ಗೌಡರಿಗೆ, ಆಚಾರ್ಯರಿಗೆ ಸಲ್ಲುತ್ತಿತ್ತು. ಈಗ ಕೂಲಿಯವರಿಗೂ ಜೋಗತಿಗೂ ಅಷ್ಟೇ ಸಹಜವಾಗಿ ಸಲ್ಲಬೇಕು. ಅದಕ್ಕೆ ಹೊಸ ಶಬ್ದ ಬೇಕಿಲ್ಲ. ಇರುವ ‘ಅವರು’ ಎಂಬ ಶಬ್ದವನ್ನೇ ಇನ್ನಷ್ಟು ಜನರಿಗೆ ಹಂಚಿದರೆ ಸಾಕು.